ಮನೆಯ ಇಲಿಗಳ ಹತೋಟಿ: ಬೆಕ್ಕು, ನಾಯಿ, ಕೋಳಿಗಳಿಗೆ ಕುತ್ತಾಗದಂತೆ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸುಗ್ಗಿಯ ಕಾಳು ಮನೆಗೆ ಬಂದು ಹದಿನೈದು ದಿನ ಕಳೆಯುವುದರೊಳಗೆ ಅಟ್ಟದ ಮೇಲೆ ಓಡಾಟದ ಸದ್ದು ಕೇಳತೊಡಗುತ್ತದೆ. ಗೋಣಿಚೀಲದ ಮೂಲೆ ತೂತಾಗಿ ರಾಗಿ ಸುರಿದಿರುತ್ತದೆ. ಬಚ್ಚಲಲ್ಲಿಟ್ಟ ಸೋಪು ಕಡಿದಿರುತ್ತದೆ. ದೀಪ ಆರಿಸಿದ ಕೂಡಲೆ ಪಾತ್ರೆಗಳ ನಡುವೆ ಕಿಚಕಿಚ ಸದ್ದು. ಮನೆಯ ಯಜಮಾನ ಸಂತೆಯ ದಿನ ಅಂಗಡಿಯಲ್ಲಿ ಇಲಿ ಪಾಷಾಣ ಕೇಳಿ ಒಂದು ಪೊಟ್ಟಣ ತರುತ್ತಾನೆ. ಬೋಂಡದ ಚೂರಿಗೆ ಬೆರೆಸಿ ಅಟ್ಟದ ಮೇಲೆ ಎರಡು ಕಡೆ, ವಾಡೆಯ ಹಿಂದೆ ಒಂದು ಕಡೆ ಇಟ್ಟು ಮಲಗುತ್ತಾನೆ. ಬೆಳಿಗ್ಗೆ ನೋಡಿದರೆ ಬೋಂಡವೂ ಇಲ್ಲ, ಸತ್ತ ಇಲಿಯೂ ಕಾಣುವುದಿಲ್ಲ. ಅಂದೇ ಮಧ್ಯಾಹ್ನ ಮೊಟ್ಟೆ ಇಡುತ್ತಿದ್ದ ಕೋಳಿ ರೆಕ್ಕೆ ಜೋಲುಬಿಟ್ಟು ಬೀಳುತ್ತದೆ. ಎರಡು ದಿನ ಬಿಟ್ಟು ಬೆಕ್ಕು ಮನೆಗೆ ಬರುವುದಿಲ್ಲ. ಬಣವೆಯ ಸಂದಿಯಲ್ಲಿ ಸತ್ತಿರುವುದು ವಾಸನೆಯಿಂದ ತಿಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಅಟ್ಟದ ಮೇಲೆ ಮತ್ತೆ ಅದೇ ಓಡಾಟ. ಈ ಸಲ ಅದನ್ನು ತಡೆಯಲು ಬೆಕ್ಕೂ ಇಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಳ್ಳಿಯ ಕಡೆ ಇಂಥದನ್ನು ಕಾಣದವರು ಕಡಿಮೆ. ಪಾಷಾಣದಿಂದ ಒಂದಷ್ಟು ಇಲಿಗಳು ಸತ್ತದ್ದು ನಿಜವೇ ಇರಬಹುದು. ಆದರೆ ಇಲಿಗಳನ್ನು ಕರೆತಂದ ಕಾಳು ಅಲ್ಲೇ ಇತ್ತು, ಅವು ನುಗ್ಗಿದ ಸಂದಿ ಹಾಗೆಯೇ ಇತ್ತು. ಆದ್ದರಿಂದ ಬಿಟ್ಟುಹೋದ ಜಾಗಕ್ಕೆ ಹಿತ್ತಲಿನಿಂದ, ಪಕ್ಕದ ಮನೆಯಿಂದ ಹೊಸ ಇಲಿಗಳು ಬಂದವು. ಪಾಷಾಣವೆಂಬುದು ಮನೆಯೊಳಗೆ ಮೊದಲು ಕೈಗೆತ್ತಿಕೊಳ್ಳುವ ಅಸ್ತ್ರವಲ್ಲ, ಉಳಿದೆಲ್ಲ ಮುಗಿದ ಮೇಲೆ ಬೇಕೋ ಬೇಡವೋ ಎಂದು ಯೋಚಿಸಬೇಕಾದ್ದು. ಬೆಕ್ಕು ಸಾಕಿದ ಮನೆಯಲ್ಲಂತೂ ಅದನ್ನು ಬಿಟ್ಟೇಬಿಡುವುದು ಮೇಲು.

ವಿಷ ಹೇಗೆ ದಾರಿ ತಪ್ಪುತ್ತದೆ

ಮನೆಯ ಪ್ರಾಣಿಗಳಿಗೆ ಪಾಷಾಣ ತಲಪುವ ದಾರಿ ಒಂದಲ್ಲ. ಇಟ್ಟ ತಿನಿಸನ್ನು ಅವೇ ತಿನ್ನಬಹುದು. ನಾಯಿಗೆ ಬೋಂಡವೂ ಪ್ರಿಯ, ಕೋಳಿಗೆ ವಿಷ ಬೆರೆಸಿದ ನುಚ್ಚೂ ಒಂದೇ, ಬೆರೆಸದ ನುಚ್ಚೂ ಒಂದೇ. ಇಲಿಯೇ ವಿಷದ ಚೂರನ್ನು ಕಚ್ಚಿಕೊಂಡು ಹೋಗಿ ಗೋದಲಿಯಲ್ಲೋ ಹುಲ್ಲಿನಲ್ಲೋ ಬೀಳಿಸಬಹುದು; ಆಗ ಅದು ಕರುವಿನ ಬಾಯಿಗೆ ಹೋಗುತ್ತದೆ. ಇನ್ನೊಂದು ದಾರಿ ಬೆಕ್ಕಿಗೆ ಸಂಬಂಧಿಸಿದ್ದು. ವಿಷ ತಿಂದ ಇಲಿ ಸಾಯುವ ಮೊದಲು ಮಂಕಾಗಿ, ನಿಧಾನವಾಗಿ, ಹಗಲಿನಲ್ಲೂ ಹೊರಗೆ ಬರುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ಅಂದರೆ ಮನೆಯಲ್ಲಿರುವ ಇಲಿಗಳಲ್ಲಿ ವಿಷ ತುಂಬಿಕೊಂಡವನ್ನೇ ಬೆಕ್ಕು ಆರಿಸಿ ತಿಂದಂತಾಗುತ್ತದೆ.

ಪೇಟೆಯಲ್ಲಿ ಸಿಗುವ ಪಾಷಾಣಗಳೆಲ್ಲ ಒಂದೇ ಬಗೆಯವಲ್ಲ. ಜಿಂಕ್ ಫಾಸ್ಫೈಡ್ ಬೂದುಗಪ್ಪು ಬಣ್ಣದ ಪುಡಿ, ಬೆಳ್ಳುಳ್ಳಿಯ ವಾಸನೆ. ಹೊಟ್ಟೆಯ ಆಮ್ಲಕ್ಕೆ ತಾಗಿದಾಗ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಟು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಹೊಲದ ಬಿಲಗಳಿಗೆ ಹಾಕಿ ಬಾಯಿ ಮುಚ್ಚಲು ಶಿಫಾರಸು ಮಾಡಿರುವ ಈ ಪುಡಿಯನ್ನು ವಾಸದ ಮನೆಯೊಳಗೆ ಬಳಸತಕ್ಕದ್ದಲ್ಲ. ಹಳದಿ ರಂಜಕದ ಪೇಸ್ಟಿನ ಟ್ಯೂಬಿಗೂ ಪ್ರತಿವಿಷವಿಲ್ಲ. ಅದು ಯಕೃತ್ತನ್ನು ಕೆಡಿಸಿ ಎಷ್ಟೋ ಮನುಷ್ಯರ ಜೀವವನ್ನೇ ತೆಗೆದಿದೆ. ಅದು ಮನೆಯ ಹೊಸಿಲು ದಾಟಬಾರದು. ಕಾಳಿನ ಹುಳುವಿಗೆಂದು ತಯಾರಿಸಿದ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯ ಇಲಿ ಬಿಲಕ್ಕೆ ಹಾಕುವವರಿದ್ದಾರೆ. ಗೋಡೆಯ ಸಂದಿಯಿಂದ ಅನಿಲ ಪಕ್ಕದ ಕೋಣೆಗೆ ನುಸುಳಿ, ಮಲಗಿದವರು ಮೇಲೇಳದಿರುವ ಪ್ರಸಂಗಗಳು ನಡೆದಿವೆ. ಈ ಗುಳಿಗೆ ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇರಬೇಕಾದ್ದು.

ಇನ್ನು ನೀಲಿ, ಹಸಿರು, ಕೆಂಪು ಬಣ್ಣದ ಸಿದ್ಧ ಬಿಲ್ಲೆಗಳಾಗಿ ಬರುವುದು ಬ್ರೋಮಾಡಯೋಲೋನ್ ಮುಂತಾದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು. ಇವುಗಳ ಹುಟ್ಟಿನ ಕಥೆ ದನ ಸಾಕುವವರಿಗೆ ಸ್ವಾರಸ್ಯವಾದೀತು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಿಂದ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದರ ಜಾತಿಯದೇ ಆದ ವಾರ್ಫರಿನ್ 1948ರಲ್ಲಿ ಇಲಿಯ ವಿಷವಾಗಿ ಮಾರುಕಟ್ಟೆಗೆ ಬಂತು. ಕೆಲವು ವರ್ಷಗಳ ಮೇಲೆ ಅದೇ ವಸ್ತು, ಅಳೆದು ಕೊಡುವ ಪ್ರಮಾಣದಲ್ಲಿ, ಮನುಷ್ಯರ ಹೃದ್ರೋಗಕ್ಕೆ ಔಷಧಿಯೂ ಆಯಿತು. ದನಕ್ಕೂ ಇಲಿಗೂ ಮನುಷ್ಯನಿಗೂ ಕೆಲಸ ಮಾಡುವ ಈ ವಸ್ತು ಬೆಕ್ಕು ನಾಯಿಗಳನ್ನು ಮಾತ್ರ ಬಿಟ್ಟುಬಿಡುತ್ತದೆಂದು ಎಣಿಸುವಂತಿಲ್ಲ.

ಬ್ರೋಮಾಡಯೋಲೋನ್ ವಾರ್ಫರಿನ್ನಿಗಿಂತ ಎಷ್ಟೋ ಪ್ರಬಲ. ಸಿದ್ಧ ಬಿಲ್ಲೆಯಲ್ಲಿ ಅದರ ಪ್ರಮಾಣ ಶೇಕಡಾ 0.005 ಮಾತ್ರ. ಒಂದು ಸಲ ತಿಂದರೂ ಇಲಿ ಮೂರು ನಾಲ್ಕು ದಿನಗಳಾದ ಮೇಲೆ ಸಾಯಬಹುದು. ಈ ನಡುವೆ ಅದು ಮತ್ತೆ ಮತ್ತೆ ಬಂದು ತಿನ್ನುವುದರಿಂದ ಸಾಯುವ ಹೊತ್ತಿಗೆ ಅದರ ಮೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವಿಷ ಸೇರಿರುತ್ತದೆ. ಈ ವಿಷ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಕ್ಕು ಇಂದು ಒಂದು, ನಾಳಿದ್ದು ಒಂದು ಎಂದು ಅಂಥ ಇಲಿಗಳನ್ನು ತಿನ್ನುತ್ತ ಹೋದರೆ ಒಳಗೇ ಜಮೆಯಾಗುತ್ತದೆ. ಕಣಜ ಗೂಬೆಗೂ ಇದೇ ಗತಿ. "ಬಿಲ್ಲೆಯಿಂದ ಇಲಿಗೆ ಮಾತ್ರ ತೊಂದರೆ" ಎಂದು ಅಂಗಡಿಯವರು ಹೇಳಿದರೆ ನಂಬಬೇಕಾಗಿಲ್ಲ.

ಮನೆಯಲ್ಲಿರುವುದು ಯಾವ ಇಲಿ?

ಹತೋಟಿಗೆ ಮೊದಲು ಶತ್ರು ಯಾರೆಂದು ತಿಳಿಯಬೇಕು. ಮನೆಯೊಳಗೆ ಸಾಮಾನ್ಯವಾಗಿ ಎರಡು ಬಗೆ. ಒಂದು ಚಿಟ್ಟಿಲಿ. ತೂಕ 15ರಿಂದ 20 ಗ್ರಾಂ, ಅಕ್ಕಿಕಾಳಿನಷ್ಟು ಉದ್ದದ ಚೂಪಾದ ಹಿಕ್ಕೆ. ಇನ್ನೊಂದು ಅಟ್ಟ, ತೊಲೆ, ಹೆಂಚಿನ ಸಂದಿಗಳಲ್ಲಿ ಓಡಾಡುವ ಮನೆ ಇಲಿ. ಅದರ ಬಾಲ ಮೈಗಿಂತ ಉದ್ದ, ಹಿಕ್ಕೆ ಸುಮಾರು ಅರ್ಧ ಅಂಗುಲ. ಹೆಗ್ಗಣ ಬಹುಮಟ್ಟಿಗೆ ಹಿತ್ತಲು, ಚರಂಡಿ, ಕೊಟ್ಟಿಗೆಯ ಬುಡದಲ್ಲಿ ಬಿಲ ತೋಡಿಕೊಂಡಿರುತ್ತದೆ. ಬಚ್ಚಲು ತೂಬಿನಿಂದ ಒಳಗೆ ನುಗ್ಗುವುದೂ ಉಂಟು.

ಇವುಗಳ ಸ್ವಭಾವ ಬೇರೆ ಬೇರೆ. ಚಿಟ್ಟಿಲಿಗೆ ಕುತೂಹಲ ಹೆಚ್ಚು. ಹೊಸ ವಸ್ತು ಕಂಡರೆ ಹತ್ತಿರ ಬಂದು ಮೂಸುತ್ತದೆ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ ಇಲ್ಲಿಷ್ಟು ಅಲ್ಲಿಷ್ಟು ಮೆಲ್ಲುತ್ತದೆ. ಗೂಡಿನಿಂದ ಹತ್ತಿಪ್ಪತ್ತು ಅಡಿಯ ಆಚೆಗೆ ಅದರ ಓಡಾಟ ಅಪರೂಪ. ಕಾಳಿನಲ್ಲಿರುವ ತೇವವೇ ಸಾಕಾಗುವುದರಿಂದ ನೀರಿಗೆ ಅಲೆಯುವುದೂ ಕಡಿಮೆ. ಮನೆ ಇಲಿ ಇದಕ್ಕೆ ವಿರುದ್ಧ. ಹೊಸದಾಗಿ ಇಟ್ಟ ಬೋನನ್ನಾಗಲಿ ತಿನಿಸನ್ನಾಗಲಿ ಅದು ಹಲವು ದಿನ ಮುಟ್ಟುವುದಿಲ್ಲ. ಈ ಭೇದ ತಿಳಿಯದೆ ಬೋನು ಇಟ್ಟು, ಎರಡು ದಿನ ನೋಡಿ, "ಇಲಿ ಬೀಳುವುದಿಲ್ಲ" ಎಂದು ಎತ್ತಿಡುವವರೇ ಬಹಳ.

ಸಂತಾನದ ವೇಗವನ್ನೂ ಗಮನಿಸಬೇಕು. ಚಿಟ್ಟಿಲಿಯ ಗರ್ಭಾವಧಿ ಸುಮಾರು 20 ದಿನ, ಒಂದು ಸೂಲಿಗೆ ಐದಾರು ಮರಿ, ಮರಿಗಳು ಆರೇಳು ವಾರಕ್ಕೆಲ್ಲ ತಾವೇ ಮರಿ ಹಾಕಲು ಸಿದ್ಧ. ಚಿಟ್ಟಿಲಿ ದಿನಕ್ಕೆ ತಿನ್ನುವುದು ಸುಮಾರು 3 ಗ್ರಾಂ, ಮನೆ ಇಲಿ 20 ಗ್ರಾಂ ಆಸುಪಾಸು. ಈ ಲೆಕ್ಕದಲ್ಲಿ ಒಂದು ಮನೆ ಇಲಿಗೆ ವರ್ಷಕ್ಕೆ 7 ಕಿಲೋ ಕಾಳು ಬೇಕು. ತಿಂದುದಕ್ಕಿಂತ ಹಿಕ್ಕೆ, ಉಚ್ಚೆಯಿಂದ ಕೆಡಿಸಿದ್ದು ಹೆಚ್ಚು. ಇಲಿ ಜ್ವರದ ರೋಗಾಣು ಇಲಿಯ ಉಚ್ಚೆಯ ಮೂಲಕವೇ ನೀರಿಗೆ, ಕೆಸರಿಗೆ ಸೇರಿ, ಕಾಲಿನ ಗಾಯದ ದಾರಿ ಹಿಡಿದು ಮನುಷ್ಯರಿಗೆ ಹತ್ತುತ್ತದೆ. ದನಗಳಿಗೂ ನಾಯಿಗಳಿಗೂ ಇದು ಬರುತ್ತದೆ. ನಾಯಿಗೆ ಲಸಿಕೆ ಇದೆ. ಪ್ಲೇಗು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಕಾಲದಲ್ಲಿ, ಇಲಿ ಬಿದ್ದ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡವರ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದವರಿದ್ದಾರೆ. ಪಾಷಾಣ ಹಾಕದೆಯೇ ನಾಲ್ಕಾರು ಇಲಿಗಳು ಸತ್ತು ಬಿದ್ದಿರುವುದು ಕಂಡರೆ ಇಂದಿಗೂ ಕೈಯಿಂದ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.

ಇಲ್ಲೇ ಒಂದು ಮಾತು. ಉದ್ದ ಮೂತಿ, ಸಣ್ಣ ಕಣ್ಣು, ಕೆಟ್ಟ ವಾಸನೆಯ ಮೂಗಿಲಿ ಗೋಡೆಯ ಬುಡದಲ್ಲಿ ಚೀಚೀ ಎನ್ನುತ್ತ ಓಡುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳುಹುಪ್ಪಟೆ ತಿಂದು ಬದುಕುವಂಥದು. ಬೆಕ್ಕು ಅದನ್ನು ಕೊಂದರೂ ತಿನ್ನದೆ ಬಿಡುತ್ತದೆ. ಮೂಗಿಲಿ ಕಂಡು ಕಾಳಿನ ಕೋಣೆಗೆ ಪಾಷಾಣ ಇಡುವುದು ವ್ಯರ್ಥ.

ತಿನಿಸು ಮತ್ತು ಸಂದಿ

ಮನೆಯ ಇಲಿಗಳನ್ನು ಸಾಕುತ್ತಿರುವುದು ಬಹಳ ಸಲ ಸಾಕುಪ್ರಾಣಿಗಳ ತಿನಿಸೇ. ರಾತ್ರಿಯಿಡೀ ಅಂಗಳದಲ್ಲಿ ಬಿದ್ದಿರುವ ನಾಯಿಯ ಅನ್ನದ ತಟ್ಟೆ, ಬಾಯಿ ಕಟ್ಟದ ಬೂಸದ ಚೀಲ, ಕೊಟ್ಟಿಗೆಯ ಮೂಲೆಯ ಹಿಂಡಿ, ಕೋಳಿಗೆ ಎರಚಿ ಉಳಿದ ನುಚ್ಚು, ಇವೇ ಇಲಿಗಳ ಛತ್ರ. ನಾಯಿ ಬೆಕ್ಕುಗಳಿಗೆ ಸಂಜೆ ಹೊತ್ತು ತಿನ್ನುವಷ್ಟೇ ಹಾಕಿ, ಅರ್ಧ ಗಂಟೆಯ ನಂತರ ಉಳಿದುದನ್ನು ತೆಗೆಯಬೇಕು. ಬೂಸ, ಹಿಂಡಿಗಳನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ತುಂಬಬೇಕು. ಪ್ಲಾಸ್ಟಿಕ್ ಡಬ್ಬ ಸಾಲದು. ಇಲಿಯ ಬಾಚಿಹಲ್ಲು ಜೀವವಿರುವವರೆಗೂ ಬೆಳೆಯುತ್ತಿರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರುತ್ತದೆ, ಪ್ಲಾಸ್ಟಿಕ್ಕನ್ನು ತೂತು ಮಾಡುವುದು ಅದಕ್ಕೆ ಕಷ್ಟವೇ ಅಲ್ಲ. ಈ ಒಂದು ಬದಲಾವಣೆಯನ್ನು ಮಾಡದೆ ಬೋನು ಇಟ್ಟರೆ, ಬೋನಿನ ಕೊಬ್ಬರಿಗಿಂತ ಹಿಂಡಿಯ ಚೀಲವೇ ಇಲಿಗೆ ಹತ್ತಿರವಾಗುತ್ತದೆ.

ಹಿಂದಿನವರ ಹಗೇವಿನಲ್ಲಿ ರಾಗಿ ನೆಲದೊಳಗೆ ಇಲಿಯ ಕಾಟವಿಲ್ಲದೆ ವರ್ಷಗಟ್ಟಲೆ ಇರುತ್ತಿತ್ತು. ಈಗ ಕಾಳು ಚೀಲಗಳಲ್ಲಿ ಪಡಸಾಲೆಗೆ ಬಂದು ಕುಳಿತಿದೆ. ಸಾಧ್ಯವಿದ್ದವರು ತಗಡಿನ ಕಣಜ ಮಾಡಿಸಿಕೊಳ್ಳುವುದು ಒಳ್ಳೆಯದು. ಚೀಲದಲ್ಲೇ ಇಡುವುದಾದರೆ ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ದೂರ ಅಟ್ಟಿ ಹಾಕಬೇಕು. ಅಟ್ಟಿಯ ಸುತ್ತ ಮನುಷ್ಯ ಓಡಾಡುವಂತಿದ್ದು, ಕಸ ಗುಡಿಸುವಂತಿದ್ದರೆ ಇಲಿ ಅಲ್ಲಿ ಗೂಡು ಕಟ್ಟಲು ಹಿಂಜರಿಯುತ್ತದೆ. ಬೆಕ್ಕಿಗೂ ಹಿಂದೆ ನುಗ್ಗಲು ದಾರಿ ಸಿಗುತ್ತದೆ.

ಸಂದಿ ಮುಚ್ಚುವ ಕೆಲಸ ಬೇಸರದ್ದು, ಆದರೆ ಎಲ್ಲಕ್ಕಿಂತ ಹೆಚ್ಚು ಕಾಲ ಫಲ ಕೊಡುವುದು ಅದೇ. ಕಾಲು ಅಂಗುಲದ ಸಂದಿ, ಅಂದರೆ ಪೆನ್ಸಿಲು ತೂರುವಷ್ಟು ಜಾಗ, ಚಿಟ್ಟಿಲಿಗೆ ಸಾಕು. ತಲೆ ಹೋದರೆ ಮೈ ಹೋಗುತ್ತದೆ. ರಾತ್ರಿ ಒಳಗೆ ದೀಪ ಹಾಕಿ ಹೊರಗಿನಿಂದ ನೋಡಿದರೆ ಬೆಳಕು ಕಾಣುವ ಸಂದಿಗಳೆಲ್ಲ ಗೊತ್ತಾಗುತ್ತವೆ. ಗೋಡೆಯ ಬುಡದ ತೂತುಗಳಿಗೆ ಗಾಜಿನ ಚೂರು, ಜಲ್ಲಿ ಸೇರಿಸಿದ ಸಿಮೆಂಟು ಗಾರೆ ತುಂಬಬೇಕು. ಬರಿಯ ಮಣ್ಣಿನಿಂದ ಮುಚ್ಚಿದ್ದು ಮಾರನೆಯ ಬೆಳಿಗ್ಗೆಗೆ ತೆರೆದಿರುತ್ತದೆ. ವಿದ್ಯುತ್ ತಂತಿ, ನಲ್ಲಿ ಕೊಳವೆ ಒಳಬರುವಲ್ಲಿ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಗಿಡಿದು ಮೇಲೆ ಗಾರೆ ಮೆತ್ತಬಹುದು. ಬಚ್ಚಲು ತೂಬಿಗೆ, ಗವಾಕ್ಷಿಗೆ ಕಾಲಂಗುಲ ಕಣ್ಣಿನ ಕಬ್ಬಿಣದ ಜಾಲರಿ. ಬಾಗಿಲಿನ ತಳಕ್ಕೆ ಅಡಿ ಎತ್ತರದ ತಗಡಿನ ಪಟ್ಟಿ. ಹೆಂಚಿನ ಮನೆಯಲ್ಲಿ ಎಲ್ಲ ಸಂದಿಗಳನ್ನು ಮುಚ್ಚುವುದು ಆಗದ ಮಾತು. ಆದ್ದರಿಂದ ಅಲ್ಲಿ ಕಾಳು ಇಡುವ ಒಂದು ಕೋಣೆಯನ್ನಾದರೂ ಪೂರ್ತಿ ಭದ್ರಪಡಿಸಿ, ಸೂರಿಗೆ ತಾಗಿದ ಮರದ ಕೊಂಬೆಗಳನ್ನು ಕಡಿದರೆ ಬಹಳಷ್ಟು ಗೆದ್ದಂತೆ. ಬಣವೆ, ಸೌದೆ ರಾಶಿ ಮನೆಯ ಗೋಡೆಗೆ ಆತುಕೊಂಡಿರಬಾರದು. ಇಲಿಯ ಹಿಂದೆಯೇ ಹಾವೂ ಬರುತ್ತದೆ. ಕೇರೆಯಾದರೆ ಹೋಗಲಿ, ನಾಗರವಾದರೆ ಮೊದಲು ಕಚ್ಚಿಸಿಕೊಳ್ಳುವುದು ಬಗುಳಲು ಹೋದ ನಾಯಿ.

ಬೋನು

ಮನೆಯೊಳಗಿನ ಇಲಿಗೆ ಬೋನಿನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಸತ್ತ ಇಲಿ ಕೈಗೆ ಸಿಗುತ್ತದೆ, ಗೋಡೆಯೊಳಗೆ ಕೊಳೆಯುವುದಿಲ್ಲ, ಬೆಕ್ಕು ತಿಂದರೂ ಅದರಲ್ಲಿ ವಿಷವಿಲ್ಲ. ಬೋನು ಸೋಲುವುದು ಎರಡು ಕಾರಣಕ್ಕೆ: ಸಂಖ್ಯೆ ಕಡಿಮೆ, ಜಾಗ ತಪ್ಪು. ಚಿಟ್ಟಿಲಿಯ ಓಡಾಟ ಹತ್ತಿಪ್ಪತ್ತು ಅಡಿಯೊಳಗೆ ಎಂದ ಮೇಲೆ ಒಂದು ಬೋನನ್ನು ಅಡಿಗೆ ಮನೆಯಲ್ಲಿಟ್ಟು ಕಾಳಿನ ಕೋಣೆಯ ಇಲಿ ಬೀಳಲೆಂದು ಕಾಯುವುದು ಹೇಗೆ? ಎಂಟು ಹತ್ತು ಸಣ್ಣ ಬೋನುಗಳನ್ನು ಆರೇಳು ಅಡಿಗೊಂದರಂತೆ ಒಂದೇ ರಾತ್ರಿ ಇಡಬೇಕು. ಮೊದಲ ಎರಡು ಮೂರು ರಾತ್ರಿಗಳಲ್ಲೇ ಹೆಚ್ಚಿನವು ಬೀಳುತ್ತವೆ. ಅಷ್ಟು ಬೋನು ಒಂದು ಮನೆಗೆ ಹೊರೆಯೆನಿಸಿದರೆ, ಬೀದಿಯ ನಾಲ್ಕು ಮನೆಯವರು ಕೂಡಿ ಕೊಂಡು ಸರದಿಯಲ್ಲಿ ಬಳಸಬಹುದು.

ಇಲಿ ನಡುಮನೆಯಲ್ಲಿ ನಡೆಯುವುದಿಲ್ಲ. ಮೀಸೆಯನ್ನು ಗೋಡೆಗೆ ತಾಗಿಸಿಕೊಂಡು ಬುಡದ ಗುಂಟ ಓಡುತ್ತದೆ. ಮೈಯ ಜಿಡ್ಡಿನಿಂದ ಗೋಡೆಯಲ್ಲಿ ಕಪ್ಪು ಗೆರೆ ಬಿದ್ದಿರುವುದನ್ನೂ ಹಿಕ್ಕೆಯನ್ನೂ ನೋಡಿ ದಾರಿ ಗುರುತಿಸಬೇಕು. ಸ್ಪ್ರಿಂಗಿನ ಹೊಡೆ ಬೋನನ್ನು ಗೋಡೆಗೆ ಅಡ್ಡಲಾಗಿ, ತಿನಿಸಿನ ಭಾಗ ಗೋಡೆಯ ಕಡೆಗಿರುವಂತೆ ಇಡಬೇಕು. ಚಿಟ್ಟಿಲಿಗಾದರೆ ಅಂದೇ ಹೂಡಬಹುದು. ಮನೆ ಇಲಿಗೆ ನಾಲ್ಕೈದು ದಿನ ಬೋನನ್ನು ಹೂಡದೆಯೇ ತಿನಿಸಿಟ್ಟು, ಅದು ನಿರ್ಭಯವಾಗಿ ತಿನ್ನತೊಡಗಿದ ಮೇಲೆ ಹೂಡಬೇಕು.

ಸುಟ್ಟ ಕೊಬ್ಬರಿ ಚೂರು, ಹುರಿದ ಕಡಲೆಕಾಯಿ ಬೀಜ, ಎಣ್ಣೆ ಸವರಿದ ರೊಟ್ಟಿ ಒಳ್ಳೆಯ ತಿನಿಸು. ಒಣ ಮೀನನ್ನು ಕೆಲವರು ಮೆಚ್ಚುತ್ತಾರೆ. ಬೆಕ್ಕಿರುವ ಮನೆಯಲ್ಲಿ ಅದು ಬೇಡ. ಇಲಿಗಿಂತ ಮೊದಲು ಬೆಕ್ಕಿನ ಪಂಜವೇ ಬೋನಿಗೆ ಬೀಳುತ್ತದೆ. ತಿನಿಸು ಬೀಜವಾಗಿದ್ದರೂ ಹೊಡೆ ಬೋನನ್ನು ಬಯಲಾಗಿ ಇಡತಕ್ಕದ್ದಲ್ಲ. ಹಳೆಯ ಮರದ ಪೆಟ್ಟಿಗೆಯ ಎರಡು ಕಡೆ ಒಂದೊಂದು ಅಂಗುಲದ ತೂತು ಕೊರೆದು ಒಳಗೆ ಬೋನು ಇಟ್ಟು ಮುಚ್ಚಿ, ಮೇಲೆ ಕಲ್ಲು ಹೇರಿದರೆ ಚಿಟ್ಟಿಲಿ ಒಳಗೆ ಹೋಗುತ್ತದೆ. ಬೆಕ್ಕಿನ ಪಂಜ ಬೋನಿನ ತನಕ ತಲಪುವುದಿಲ್ಲ, ಕೋಳಿಮರಿ ನುಸುಳುವುದಿಲ್ಲ, ಅಂಬೆಗಾಲಿಡುವ ಮಗುವಿನ ಬೆರಳೂ ಬದುಕುತ್ತದೆ. ತಂತಿಯ ಬೋನಿನಲ್ಲಿ ಇಂಥ ಭಯವಿಲ್ಲ. ಆದರೆ ಅದನ್ನು ಬೆಳಿಗ್ಗೆ ತಪ್ಪದೆ ನೋಡಬೇಕು, ನೀರು ಅನ್ನವಿಲ್ಲದೆ ಪ್ರಾಣಿಯನ್ನು ಎರಡು ದಿನ ಕೂಡಿಹಾಕುವುದು ಕ್ರೌರ್ಯ.

ಗಣಪತಿಯ ವಾಹನವೆಂದು ಕೊಲ್ಲಲು ಮನಸ್ಸು ಬಾರದೆ, ಬೋನನ್ನು ಊರಾಚೆ ಒಯ್ದು ಬಾಗಿಲು ತೆರೆಯುವವರಿದ್ದಾರೆ. ಅವರ ಭಾವನೆಯನ್ನು ಹಳಿಯಬೇಕಾಗಿಲ್ಲ. ಆದರೆ ಹಿತ್ತಲ ಬೇಲಿಯಲ್ಲಿ ಬಿಟ್ಟ ಇಲಿ ಅಂದೇ ರಾತ್ರಿ ಮರಳುತ್ತದೆ, ಬೇರೆಯವರ ಕಣದಲ್ಲಿ ಬಿಟ್ಟರೆ ಅವರಿಗೆ ಅನ್ಯಾಯ. ಕೊಲ್ಲುವವರು ಒಂದೇ ಏಟಿಗೆ ಕೆಲಸ ಮುಗಿಸಬೇಕು. ಅಂಟು ಹಲಗೆಗಳನ್ನು ಪೇಟೆಯಲ್ಲಿ ಹೊಗಳಿ ಮಾರುತ್ತಾರೆ. ಅದರಲ್ಲಿ ಇಲಿ ಗಂಟೆಗಟ್ಟಲೆ ನರಳುವುದಲ್ಲದೆ, ಹಲ್ಲಿ, ಕೋಳಿಮರಿ, ಬೆಕ್ಕಿನ ಮರಿ ಎಲ್ಲವೂ ಅಂಟಿಕೊಳ್ಳುತ್ತವೆ. ಹಾಗಾದಾಗ ಎಳೆಯದೆ ಅಡಿಗೆ ಎಣ್ಣೆ ಸವರಿ ಮೆಲ್ಲಗೆ ಬಿಡಿಸಬೇಕು. ಕಿವಿಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುವ ವಿದ್ಯುತ್ ಯಂತ್ರಕ್ಕೆ ಇಲಿಗಳು ಬೇಗ ಒಗ್ಗಿಕೊಳ್ಳುತ್ತವೆ. ಆ ಹಣದಲ್ಲಿ ಜಾಲರಿ ತರುವುದು ವಾಸಿ. ನುಸಿಗುಳಿಗೆ ಇಲಿಯನ್ನು ಓಡಿಸುವುದು ಸಂದೇಹ, ನೆಕ್ಕಿದ ಬೆಕ್ಕಿಗೆ ಕೇಡು ಮಾಡುವುದು ನಿಶ್ಚಯ.

ಬೆಕ್ಕಿನ ಪಾಲು

ಬೆಕ್ಕಿಗೆ ಹಾಲು ಅನ್ನ ಹಾಕಿದರೆ ಸೋಮಾರಿಯಾಗುತ್ತದೆ, ಉಪವಾಸ ಕೆಡವಿದರೆ ಇಲಿ ಹಿಡಿಯುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಇದನ್ನು ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ ರೈತರ ಹಟ್ಟಿಗಳಲ್ಲೇ ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಬೇರೆ. ಇಲಿಗಳು ಆಗಲೇ ನೆಲೆಯೂರಿದ ಹಟ್ಟಿಯನ್ನು ಬೆಕ್ಕುಗಳು ಖಾಲಿ ಮಾಡಲಾರವು. ಆದರೆ ಒಮ್ಮೆ ಬೇರೆ ಉಪಾಯದಿಂದ ಇಲಿಗಳನ್ನು ತೆಗೆದ ಮೇಲೆ, ಮನೆಯಲ್ಲೇ ಹಾಲು ಕೊಟ್ಟು ನಿಲ್ಲಿಸಿಕೊಂಡ ಬೆಕ್ಕುಗಳು ಹೊಸ ಇಲಿಗಳು ಬಂದು ನೆಲೆಸದಂತೆ ತಡೆಯುತ್ತವೆ. ಹೊಟ್ಟೆಗಿಲ್ಲದ ಬೆಕ್ಕು ಬೇರೆಯವರ ಅಡಿಗೆ ಮನೆ ಹುಡುಕಿಕೊಂಡು ಹೋಗುತ್ತದೆ. ಬೇಟೆ ಅದರ ಹುಟ್ಟುಗುಣವಾದ್ದರಿಂದ ಹೊಟ್ಟೆ ತುಂಬಿದ್ದರೂ ಬಿಡುವುದಿಲ್ಲ.

ಆದ್ದರಿಂದ ಸಂದಿ ಮುಚ್ಚಿ, ಬೋನಿನಿಂದ ಇಲಿ ಇಳಿಸಿದ ನಂತರವೇ ಬೆಕ್ಕಿನ ಕೆಲಸ ನಿಜವಾಗಿ ಆರಂಭವಾಗುವುದು. ಆ ಹೊತ್ತಿಗೆ ಅದನ್ನು ಪಾಷಾಣಕ್ಕೆ ಕಳೆದುಕೊಂಡಿದ್ದರೆ ಕಾವಲುಗಾರನನ್ನು ಕೊಂದು ಕಳ್ಳನನ್ನು ಉಳಿಸಿಕೊಂಡಂತೆ. ರೇಷ್ಮೆ ಸಾಕುವವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಇಲಿಗಳು ಹಣ್ಣಾದ ಹುಳುವನ್ನೂ ಗೂಡನ್ನೂ ಒಂದೇ ರಾತ್ರಿಯಲ್ಲಿ ಹಾಳು ಮಾಡಬಲ್ಲವು. ಹುಳು ಮನೆಯ ಕಿಟಕಿ ಬಾಗಿಲುಗಳ ಜಾಲರಿ ಭದ್ರವಾಗಿದ್ದು, ಹೊರಗೆ ಬೆಕ್ಕಿನ ತಿರುಗಾಟವಿದ್ದರೆ ಸಾಕಷ್ಟು ನಷ್ಟ ತಪ್ಪುತ್ತದೆ.

ಪಾಷಾಣ ಇಡಲೇಬೇಕಾದರೆ

ಬೆಕ್ಕು ಇಲ್ಲದ, ನಾಯಿಯನ್ನು ಕಟ್ಟಿಹಾಕಬಹುದಾದ ಮನೆಗಳಲ್ಲಿ, ಕಾಟ ಮಿತಿಮೀರಿದಾಗ ಸಿದ್ಧ ಬ್ರೋಮಾಡಯೋಲೋನ್ ಬಿಲ್ಲೆಯನ್ನು ಬಳಸಬಹುದು. ಆಗ ಬಿಲ್ಲೆಯನ್ನು ನೆಲದ ಮೇಲೆ, ತಟ್ಟೆಯಲ್ಲಿ, ತೊಲೆಯ ಮೇಲೆ ಬಿಡಿಯಾಗಿ ಇಡಬಾರದು. ಮೇಲೆ ಹೇಳಿದಂಥ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಹಾಕಿ, ಒಳಗೆ ತೂತಿಗೆ ಮರೆಯಾಗಿ ಒಂದು ಅಡ್ಡ ಹಲಗೆ ನಿಲ್ಲಿಸಿ, ಅದರ ಹಿಂದೆ ಬಿಲ್ಲೆಯನ್ನು ತಂತಿಯಲ್ಲಿ ಪೋಣಿಸಿ ಬಿಗಿಯಬೇಕು. ತಂತಿಯಲ್ಲಿದ್ದರೆ ಇಲಿ ಅಲ್ಲೇ ತಿನ್ನುತ್ತದೆ, ಕಚ್ಚಿಕೊಂಡು ಹೋಗಿ ಗೋದಲಿಗೆ ಬೀಳಿಸುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೋ ಗೋಡೆಗೋ ಭದ್ರಮಾಡಿ, ಮೇಲೆ "ವಿಷ" ಎಂದು ಬರೆಯಬೇಕು. ಎಷ್ಟು ಬಿಲ್ಲೆ ಇಟ್ಟಿತು, ಎಷ್ಟು ಉಳಿದಿದೆ ಎಂದು ಲೆಕ್ಕವಿರಲಿ. ಇನ್ನು ಕೋಳಿಗಳು ಅಷ್ಟು ದಿನ ಮನೆಯೊಳಗೆ ಬರದಂತೆ ನೋಡಿಕೊಳ್ಳತಕ್ಕದ್ದು. ಸತ್ತ ಚಿಟ್ಟಿಲಿಯನ್ನು ಕೋಳಿಯೂ ಕುಕ್ಕಿ ತಿನ್ನುತ್ತದೆ. ವಿಷ ತಿಂದಿರುವ ಸಂಶಯವಿರುವ ಕೋಳಿಯ ಮೊಟ್ಟೆ, ಮಾಂಸ ಬಳಸಬಾರದು.

ಬೆಳಿಗ್ಗೆ ಸಂಜೆ ಸತ್ತ ಇಲಿಗಳನ್ನು ಹುಡುಕಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ನಾಯಿ ಕೆದಕಿ ತೆಗೆಯದಷ್ಟು ಆಳಕ್ಕೆ, ಎರಡು ಅಡಿಯಾದರೂ, ಬಾವಿಯಿಂದ ದೂರ ಹೂಳಬೇಕು. ತಿಪ್ಪೆಗೆ ಎಸೆದರೆ ಬೀದಿ ನಾಯಿ, ಕಾಗೆ, ಪಕ್ಕದ ಮನೆಯ ಬೆಕ್ಕಿಗೆ ಹೋಗುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ತಿಳಿಸುವುದು ನೆರೆಹೊರೆಯ ಧರ್ಮ. ತಿನ್ನುವುದು ನಿಂತ ಮೇಲೆ ಪೆಟ್ಟಿಗೆಗಳನ್ನೆಲ್ಲ ತೆಗೆಯಬೇಕು. ಉಳಿದ ಬಿಲ್ಲೆ ಮೂಲ ಪೊಟ್ಟಣದಲ್ಲೇ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಇರಲಿ. ಬಣ್ಣದ ಬಿಲ್ಲೆ ಮಗುವಿನ ಕಣ್ಣಿಗೆ ಮಿಠಾಯಿಯಂತೆಯೇ ಕಾಣುತ್ತದೆ.

ಪ್ರಾಣಿ ವಿಷ ತಿಂದರೆ

ಜಿಂಕ್ ಫಾಸ್ಫೈಡ್ ತಿಂದ ನಾಯಿ ಕೆಲವು ಗಂಟೆಗಳಲ್ಲೇ ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ, ನಡುಗುತ್ತದೆ. ವಾಂತಿಗೆ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ. ಇಂಥ ಪ್ರಾಣಿಯನ್ನು ಗಾಳಿಯಾಡುವ ಬಯಲಿಗೆ ತರಬೇಕು. ಮುಚ್ಚಿದ ಕೋಣೆಯಲ್ಲಿ ಅದರ ವಾಂತಿಯಿಂದ ಹೊರಡುವ ಅನಿಲ ಆರೈಕೆ ಮಾಡುವವರಿಗೂ ಅಪಾಯ. ಅನ್ನ ಹಾಕಬಾರದು. ಹೊಟ್ಟೆಗೆ ಆಹಾರ ಬಿದ್ದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಎಣ್ಣೆ, ತುಪ್ಪ, ಉಪ್ಪುನೀರು ಕುಡಿಸುವ ಮನೆಮದ್ದುಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹೊತ್ತು ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯುವುದೊಂದೇ ದಾರಿ.

ಬಿಲ್ಲೆಯ ವಿಷದ ರೀತಿ ಮೋಸದ್ದು. ತಿಂದ ದಿನ ನಾಯಿ ಆರೋಗ್ಯವಾಗಿಯೇ ಇರುತ್ತದೆ, ಮಾರನೆಯ ದಿನವೂ ಬಾಲ ಅಲ್ಲಾಡಿಸುತ್ತದೆ. "ಏನೂ ಆಗಲಿಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಮೂರರಿಂದ ಐದು ದಿನಗಳ ಹೊತ್ತಿಗೆ ಮಂಕು, ಬಿಳಿಚಿದ ವಸಡು, ಕೆಮ್ಮು, ಕಪ್ಪು ಸಗಣಿಯಂಥ ಮಲ, ಮೂಗಿನಿಂದ ರಕ್ತ. ಆಗ ತಡವಾಗಿರುತ್ತದೆ. ಇದಕ್ಕೆ ಮಾತ್ರ ಒಳ್ಳೆಯ ಪ್ರತಿವಿಷ ಇದೆ: ವಿಟಮಿನ್ ಕೆ-1. ಕೆ-3 ಇದಕ್ಕೆ ನಡೆಯುವುದಿಲ್ಲ. ವಿಷ ಯಕೃತ್ತಿನಲ್ಲಿ ಬಹಳ ಕಾಲ ಉಳಿಯುವುದರಿಂದ ವೈದ್ಯರು ಹೇಳಿದಷ್ಟು ದಿನ, ಮೂರು ನಾಲ್ಕು ವಾರಗಳವರೆಗೂ, ಔಷಧಿ ಮುಂದುವರಿಸಬೇಕು. ನಾಲ್ಕು ದಿನಕ್ಕೆ ಚೇತರಿಸಿತೆಂದು ನಿಲ್ಲಿಸಿದರೆ ರಕ್ತಸ್ರಾವ ಮತ್ತೆ ಶುರುವಾಗುತ್ತದೆ. ಆದ್ದರಿಂದ ಪೆಟ್ಟಿಗೆ ಒಡೆದು ನಾಯಿ ಬಿಲ್ಲೆ ತಿಂದದ್ದು ಗೊತ್ತಾದ ದಿನವೇ, ಯಾವ ಲಕ್ಷಣವೂ ಇಲ್ಲದಿದ್ದರೂ, ಹೊರಡಬೇಕು.

ಎರಡೂ ಸಂದರ್ಭದಲ್ಲಿ ಪೊಟ್ಟಣವನ್ನು ಜೊತೆಗೆ ಒಯ್ಯುವುದನ್ನು ಮರೆಯಬಾರದು. ಯಾವ ವಿಷ ಎಂದು ತಿಳಿಯದೆ ವೈದ್ಯರು ಚಿಕಿತ್ಸೆ ಆರಿಸಲಾರರು. ಪೊಟ್ಟಣ ಬಿಸಾಡಿದ್ದರೆ ಬಣ್ಣ, ವಾಸನೆ, ಇಟ್ಟ ದಿನ ಹೇಳಿದರೂ ಅನುಕೂಲ. ಆಸ್ಪತ್ರೆ ದೂರವಿದ್ದು ದನಕರುಗಳಿಗೆ ವಿಷ ತಾಗಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ದೂರವಾಣಿ ಮಾಡಬಹುದು. ಮನೆಯವರು ಯಾರಾದರೂ, ಮಕ್ಕಳಾಗಲಿ ದೊಡ್ಡವರಾಗಲಿ, ಬಾಯಿಗೆ ಹಾಕಿಕೊಂಡ ಸಂಶಯವಿದ್ದರೆ ಲಕ್ಷಣಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಿ, ಪೊಟ್ಟಣದೊಡನೆ ಆಸ್ಪತ್ರೆಗೆ ಸೇರಿಸತಕ್ಕದ್ದು.